ಚಿನ್ನದ ಗಣಿಯ ಊರಿನಲ್ಲಿ ಬಿಡುವಿನ ದಿನ

ಕೆಲಸ ನಿಲ್ಲಿಸಿ ಸುಮ್ಮನಿರುವುದನ್ನು ಹೇಳಲು ನಮ್ಮ ಮಾತಿನಲ್ಲಿ ಮೂರು ಪದಗಳು ಹೆಚ್ಚು ಬಳಕೆಯಲ್ಲಿವೆ. ‘ರಜೆ’ ಎಂಬುದು ಉರ್ದುವಿನ ಮೂಲಕ ನಮ್ಮಲ್ಲಿಗೆ ಬಂದ ಅರಬ್ಬೀ ಮಾತು. ಅದರ ಮೂಲಾರ್ಥ ಒಪ್ಪಿಗೆ, ಅಪ್ಪಣೆ. ಅಂದರೆ ರಜೆಯನ್ನು ಒಬ್ಬರು ಬೇಡಬೇಕು, ಇನ್ನೊಬ್ಬರು ಕೊಡಬೇಕು. ‘ಬಿಡುವು’ ಅಚ್ಚಗನ್ನಡದ ಪದ. ಕೈಯಲ್ಲಿ ಹಿಡಿದದ್ದನ್ನು ಬಿಡುವುದು ಅದರೊಳಗಿದೆ. ‘ವಿಶ್ರಾಂತಿ’ ಸಂಸ್ಕೃತದ್ದು. ಶ್ರಮ ಎಂಬುದು ಅದರ ಹೊಟ್ಟೆಯಲ್ಲೇ ಇದೆ. ದಣಿದವನ ದಣಿವು ಕಳೆಯುವುದೇ ವಿಶ್ರಾಂತಿ. ಶ್ರೀಗ್ರಂಥದ ‘ಸಬ್ಬತ್’ ಎಂಬ ಹೀಬ್ರೂ ಪದದ ಮೂಲದಲ್ಲಿರುವುದು ‘ನಿಲ್ಲಿಸು’ ಎಂಬ ಅರ್ಥ. ತಮಿಳು ಬೈಬಲಿನವರು ಅದನ್ನು ‘ಓಯ್ವುನಾಳ್’ ಎಂದು ತಮ್ಮದೇ ಮಾತಿಗೆ ತಂದುಕೊಂಡರು. ನಾವು ಕನ್ನಡದಲ್ಲಿ ಸಬ್ಬತ್ ಎಂದೇ ಉಳಿಸಿಕೊಂಡೆವು. ಬಹುಶಃ ಆ ಕಾರಣದಿಂದಲೇ ಅದು ನಮಗೆ ಯೆಹೂದ್ಯರ ಪದ್ಧತಿಯಂತೆ ಕೇಳಿಸುತ್ತದೆಯೇ ಹೊರತು ನಮ್ಮ ಅಂಗಳದ ವಿಷಯವೆಂದು ಅನಿಸುವುದಿಲ್ಲ.

ವಿಶ್ರಾಂತಿಯ ಕುರಿತು ನಮ್ಮ ಧ್ಯಾನಕೂಟಗಳಲ್ಲಿ ಕೇಳಿಬರುವ ಪ್ರಬೋಧನೆಗಳು ಬಹುಮಟ್ಟಿಗೆ ಒಬ್ಬೊಬ್ಬರ ಮನಸ್ಸನ್ನು ಉದ್ದೇಶಿಸಿ ಆಡಿದವು. ಅವಸರ ಬಿಡಿ, ಮೌನಕ್ಕೆ ಸಮಯ ಕೊಡಿ, ಮೊಬೈಲನ್ನು ಒಂದಿಷ್ಟು ಹೊತ್ತು ಬದಿಗಿಡಿ ಎನ್ನುತ್ತಾರೆ. ಬೇಕಾದ ಮಾತುಗಳೇ. ಆದರೆ ಬೆಂಗಳೂರು ಮಹಾಧರ್ಮಕ್ಷೇತ್ರದ ಪೂರ್ವದ ಅಂಚಿನಲ್ಲಿರುವ ಒಂದು ಊರಿನ ಚರಿತ್ರೆಯನ್ನು ಓದುವಾಗ ಈ ಮಾತುಗಳು ಅರ್ಧಕ್ಕೇ ನಿಂತವೆಂದು ತೋರುತ್ತದೆ. ಆ ಊರು ಕೋಲಾರದ ಚಿನ್ನದ ಗಣಿ, ನಮ್ಮೆಲ್ಲರ ಬಾಯಲ್ಲಿ ಕೆ.ಜಿ.ಎಫ್. ಅಲ್ಲಿನ ನೂರಿಪ್ಪತ್ತು ವರ್ಷಗಳ ಬದುಕು ತೋರಿಸಿಕೊಡುವುದು ಇಷ್ಟು: ವಿಶ್ರಾಂತಿಯನ್ನು ಮನುಷ್ಯ ತಾನೊಬ್ಬನೇ ತೆಗೆದುಕೊಳ್ಳಲಾರ, ಮತ್ತೊಬ್ಬರು ತಮ್ಮ ಹಿಡಿತವನ್ನು ಸಡಿಲಿಸಿದಾಗ ಮಾತ್ರ ಅದು ಅವನ ಪಾಲಿಗೆ ಬರುತ್ತದೆ.

ಊರಿನ ಹುಟ್ಟನ್ನು ಚುಟುಕಾಗಿ ನೆನೆಯೋಣ. ಜಾನ್ ವಾರೆನ್ ಎಂಬ ಸೇನಾಧಿಕಾರಿ 19ನೆಯ ಶತಮಾನದ ಆರಂಭದಲ್ಲಿ ಈ ಸೀಮೆಯ ಚಿನ್ನದ ಬಗ್ಗೆ ಬರೆದಿಟ್ಟಿದ್ದ. ಅದನ್ನು ಓದಿದ ಮೈಕೆಲ್ ಲಾವೆಲ್ ಎಂಬ ನಿವೃತ್ತ ಐರಿಷ್ ಸೈನಿಕ 1873ರಲ್ಲಿ ಮೈಸೂರು ಸರ್ಕಾರದ ಮುಂದೆ ಗಣಿ ತೋಡುವ ಬೇಡಿಕೆ ಇಟ್ಟ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕೈಹಾಕಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಘಾಟ್, ಕೋರಮಂಡಲ್ ಎಂಬ ಹೆಸರುಗಳಲ್ಲಿ ಒಂದೊಂದಾಗಿ ಗಣಿಗಳು ಎದ್ದವು. ಕೋರಮಂಡಲ್ ಎಂಬುದು ಚೋಳಮಂಡಲ ತೀರದ ಹೆಸರು. ಸಮುದ್ರದ ಸದ್ದೇ ಕೇಳಿಸದ ಬಂಡೆನೆಲಕ್ಕೆ ಅದು ಹೇಗೋ ಬಂದು ಅಂಟಿಕೊಂಡಿತು. ಅಲ್ಲಿನ ಗಣಿ ಮಿಕ್ಕ ದೊಡ್ಡ ಗಣಿಗಳಷ್ಟು ಕಾಲ ಬಾಳಲಿಲ್ಲ. ಹೆಸರು ಮಾತ್ರ ರೈಲು ನಿಲ್ದಾಣದ ಫಲಕದಲ್ಲೂ ಅಂಚೆಯ ವಿಳಾಸದಲ್ಲೂ ಉಳಿದುಕೊಂಡಿತು. ಈ ಎಲ್ಲಕ್ಕೂ ಹೆಬ್ಬಾಗಿಲಾಗಿದ್ದದ್ದು ಇಂದಿನ ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್‌ನ ಹೆಸರಿನಲ್ಲಿ ಆಗ ಅದು ಬೌರಿಂಗ್‌ಪೇಟೆ. ಮದರಾಸಿನ ಕಡೆಯಿಂದ ಬೆಂಗಳೂರಿಗೆ ಬರುವ ರೈಲುಹಾದಿಯ ಮೇಲಿದ್ದ ಆ ಊರಿನಿಂದ ಮಾರಿಕುಪ್ಪದ ವರೆಗೆ 1894ರಲ್ಲಿ ಕವಲುಹಾದಿ ತೆರೆಯಿತು. ಉತ್ತರ ಆರ್ಕಾಟಿನಿಂದ, ಸೇಲಂ ಕಡೆಯಿಂದ ಸಾವಿರಾರು ಜನ ಬಡವರು ಕೂಲಿಗಾಗಿ ಇಲ್ಲಿಗೆ ಬಂದು ಸೇರಿದರು. ಹೊಲದ ಒಡೆಯರ ಕೆಳಗೆ ತಲೆಮಾರುಗಳಿಂದ ಜೀತದಂತೆ ದುಡಿದ ದಲಿತ ಕುಟುಂಬಗಳೇ ಅವರಲ್ಲಿ ಬಹುಪಾಲು. ಅವರ ನಡುವೆ ಕ್ರೈಸ್ತರಿದ್ದರು, ಹಿಂದೂಗಳಿದ್ದರು, ಮುಂದೆ ಬೌದ್ಧರಾದವರೂ ಇದ್ದರು.

ಕೆಳಗೆ ಇಳಿದವರ ಕೆಲಸವನ್ನು ಕಲ್ಪಿಸಿಕೊಳ್ಳಬೇಕಾದರೆ ಯೋಬನ ಗ್ರಂಥದ 28ನೆಯ ಅಧ್ಯಾಯವನ್ನು ತೆರೆದು ನೋಡಿ. ಶ್ರೀಗ್ರಂಥದಲ್ಲಿ ಗಣಿಗಾರನ ಚಿತ್ರ ಅಷ್ಟು ವಿವರವಾಗಿ ಬೇರೆಲ್ಲೂ ಇಲ್ಲ. ಜನವಸತಿಯಿಂದ ದೂರದಲ್ಲಿ ಬಾವಿಯಂತೆ ಬಗೆದು, ಹಗ್ಗಕ್ಕೆ ಜೋತುಬಿದ್ದು, ಹದ್ದಿನ ಕಣ್ಣಿಗೂ ಕಾಣದ ದಾರಿಯಲ್ಲಿ ಕತ್ತಲೆಯ ಕೊನೆಯನ್ನು ಹುಡುಕುವವನು ಅಲ್ಲಿದ್ದಾನೆ. ಬೆಳ್ಳಿ ಬಂಗಾರಗಳಿಗೆ ಜಾಗವುಂಟು, ವಿವೇಕ ಎಲ್ಲಿ ಸಿಗುತ್ತದೆ ಎಂಬುದು ಆ ಅಧ್ಯಾಯ ಕೇಳುವ ಪ್ರಶ್ನೆ. ಕೆ.ಜಿ.ಎಫ್.ನಲ್ಲಿ ಹಗ್ಗದ ಜಾಗಕ್ಕೆ ಉಕ್ಕಿನ ಕಂಬಿಯೂ ಕೇಜೂ ಬಂದವು. ಕತ್ತಲೆ ಹಾಗೆಯೇ ಇತ್ತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದೆನಿಸಿತು. ಆ ಆಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಮೇಲಿನ ನೆಲದ ಒತ್ತಡ ತಾಳಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದು, ಸುರಂಗ ಕುಸಿಯುವುದು ಅಲ್ಲಿನ ಸ್ಥಿರವಾದ ಭಯ. ಬೆಳಿಗ್ಗೆ ಕೇಜು ಹತ್ತಿದವನು ಸಂಜೆ ಮೇಲೆ ಬಂದರೆ ಅದೇ ಒಂದು ಸ್ತೋತ್ರಕ್ಕೆ ಕಾರಣವಾಗುತ್ತಿತ್ತು.

ಭೂಮಿಯ ಮೇಲೆ ದೇವರು ಹಗಲನ್ನೂ ಇರುಳನ್ನೂ ಬೇರ್ಪಡಿಸಿದ್ದಾರೆ. ಕೆಳಗೆ ಆ ಭೇದವಿಲ್ಲ. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಗಣಿಗೆ ಬಂತು. ಬೆಂಗಳೂರಿನ ಬೀದಿದೀಪಗಳು ಉರಿದದ್ದು 1905ರಲ್ಲಿ. ರಾಜಧಾನಿಗಿಂತ ಮೊದಲು ಗಣಿಗೆ ಬೆಳಕು ಬಂದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಆ ವಿದ್ಯುತ್ತು ಬಂದದ್ದು ಯಾರಾದರೂ ಸಂಜೆ ಕುಳಿತು ಓದಲೆಂದಲ್ಲ, ಯಂತ್ರಗಳು ನಿಲ್ಲದಿರಲೆಂದು. ಇಂತಹ ಗಣಿಯಲ್ಲಿ ಎಲ್ಲರೂ ಒಟ್ಟಿಗೆ ಕೈಬಿಡುವ ದಿನ ಎಂಬುದು ಇರಲಾರದು ಎಂಬುದನ್ನೂ ನಾವು ಒಪ್ಪಬೇಕು. ಸೋರುವ ನೀರನ್ನು ಪಂಪು ಎತ್ತುತ್ತಲೇ ಇರಬೇಕು, ಆಳಕ್ಕೆ ಗಾಳಿ ಹೋಗುತ್ತಲೇ ಇರಬೇಕು. ಬಲಿಪೂಜೆಯ ಗಂಟೆ ಬಾರಿಸುವಾಗಲೂ ಯಾರೋ ಒಬ್ಬ ಪಂಪಿನ ಬಳಿ ಎಚ್ಚರವಾಗಿರುತ್ತಾನೆ. ದೇವಾಲಯದಲ್ಲಿ ಕುಳಿತವರ ಬಿಡುವು ಅವನ ದುಡಿಮೆಯ ಮೇಲೆ ನಿಂತಿರುತ್ತದೆ. ಸಬ್ಬತ್ ದಿನ ಗುಂಡಿಗೆ ಬಿದ್ದ ಕುರಿಯನ್ನು ಎತ್ತದಿರುವಿರಾ ಎಂಬ ಅರ್ಥದಲ್ಲಿ ಯೇಸುಸ್ವಾಮಿ ಕೇಳಿದ್ದು ಇಂತಹ ದುಡಿಮೆಯನ್ನು ಬಲ್ಲವರಿಗೆ ಬೇಗ ಅರ್ಥವಾಗುತ್ತದೆ.

ವಾರಕ್ಕೊಂದು ದಿನ ಬಿಡುವು ಎಂಬುದು ಈಗ ನಮಗೆ ಸೂರ್ಯೋದಯದಷ್ಟು ಸಹಜ. ಆದರೆ ಭಾರತದ ಕಾರ್ಮಿಕನಿಗೆ ಅದು ತಾನಾಗಿ ಬಂದದ್ದಲ್ಲ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಬೆಳಗಿನಿಂದ ಕತ್ತಲಾಗುವ ವರೆಗೆ ದುಡಿಸುತ್ತಿದ್ದ ಕಾಲದಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಕೂಲಿಗಳನ್ನು ಸಂಘಟಿಸಿದರು. ಅವರು ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಕಾರ್ಯಕರ್ತರು. ಭಾನುವಾರದ ಬಿಡುವನ್ನು ಅವರು ಬರಿದೇ ಆಯಾಸದ ಹೆಸರಿನಲ್ಲಿ ಕೇಳಲಿಲ್ಲ. ಅದು ಖಂಡೋಬಾ ದೇವರ ವಾರ, ಮನೆಯವರೊಡನೆ ಕಳೆಯಬೇಕಾದ ದಿನ, ಸಮಾಜದ ಕೆಲಸಕ್ಕೂ ಬೇಕಾದ ದಿನ ಎಂಬುದು ಅವರ ವಾದ. 1890ರಲ್ಲಿ ಗಿರಣಿ ಮಾಲೀಕರು ಒಪ್ಪಿದರು, 1891ರ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆ ಸೇರಿತು. ಭಾರತದ ಭಾನುವಾರದ ರಜೆಯನ್ನು ಬ್ರಿಟಿಷರು ಚರ್ಚಿಗೆ ಹೋಗಲು ಕೊಟ್ಟರು ಎಂದು ನಾವು ಅಂದುಕೊಂಡಿರುವಾಗ, ಬಡ ಗಿರಣಿ ಕೂಲಿಗಳ ಪಾಲಿಗೆ ಅದನ್ನು ಗೆದ್ದುಕೊಟ್ಟವರು ಒಬ್ಬ ಹಿಂದೂ ಸಮಾಜಸುಧಾರಕರು. ಈ ಋಣವನ್ನು ನಮ್ಮ ದೇವಾಲಯಗಳಲ್ಲಿ ಯಾರಾದರೂ ಒಮ್ಮೆ ನೆನೆದರೆ ಚೆನ್ನ.

ಗಣಿಗಳ ಮಾತು ಇನ್ನೂ ತಡವಾಯಿತು. 1923ರ ಭಾರತೀಯ ಗಣಿ ಕಾಯಿದೆ ವಾರಕ್ಕೆ ಆರು ದಿನಕ್ಕಿಂತ ಹೆಚ್ಚು ದುಡಿಸಬಾರದೆಂದಿತು. ನೆಲದ ಮೇಲೆ ವಾರಕ್ಕೆ 60 ಗಂಟೆ, ಕೆಳಗೆ 54 ಗಂಟೆ ಎಂದು ಮಿತಿ ಹಾಕಿತು. ಕೆ.ಜಿ.ಎಫ್. ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಬ್ರಿಟಿಷ್ ಭಾರತದ ಕಾಯಿದೆ ಅಲ್ಲಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಸ್ವಾತಂತ್ರ್ಯಾನಂತರ 1952ರ ಗಣಿ ಕಾಯಿದೆ ಬಂದಾಗ ಕೆಳಗಿನ ಕೆಲಸಕ್ಕೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ, ವಾರಕ್ಕೊಂದು ಬಿಡುವಿನ ದಿನ, ವರ್ಷಕ್ಕೆ ಸಂಬಳಸಹಿತ ರಜೆ ಇವು ದೇಶದ ಗಣಿಗಾರರೆಲ್ಲರ ಹಕ್ಕಾದವು. ಗಣಿ ಶುರುವಾಗಿ ಆಗಲೇ ಎಪ್ಪತ್ತು ವರ್ಷ ದಾಟಿತ್ತು. ಮಗನ ಕಾಲಕ್ಕೆ ಬಂದ ಹಕ್ಕನ್ನು ಕಾಣದೆಯೇ ತಂದೆ, ಅಜ್ಜಂದಿರು ಮಣ್ಣಾಗಿದ್ದರು.

ನಮ್ಮ ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿರಲಿಲ್ಲ ಎಂಬುದು ಸಮಾಧಾನದ ಸಂಗತಿ. 1891ರ ಮೇ 15ರಂದು ಜಗದ್ಗುರು ಹದಿಮೂರನೆಯ ಲಿಯೋ ಅವರು ‘ರೇರುಂ ನೊವಾರುಂ’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಬೌರಿಂಗ್‌ಪೇಟೆಯಿಂದ ಗಣಿಗೆ ರೈಲು ಇನ್ನೂ ಹೋಗದಿದ್ದ ಕಾಲವದು. ಆ ಪತ್ರದಲ್ಲಿ ಅವರು ಗಣಿ, ಕಲ್ಲುಗಣಿಗಳಲ್ಲಿ ದುಡಿಯುವವರನ್ನು ಪ್ರತ್ಯೇಕವಾಗಿ ನೆನೆಯುತ್ತಾರೆ. ಭೂಮಿಯ ಒಡಲಿನಿಂದ ಲೋಹ ತೆಗೆಯುವವರ ಕೆಲಸ ಹೆಚ್ಚು ಕಠಿಣ, ಆರೋಗ್ಯಕ್ಕೆ ಹೆಚ್ಚು ಹಾನಿಕರ. ಆದ್ದರಿಂದ ಅವರ ದುಡಿಮೆಯ ಹೊತ್ತು ಅದಕ್ಕೆ ತಕ್ಕಂತೆ ಕಡಿಮೆಯಾಗಿರಬೇಕು ಎನ್ನುತ್ತಾರೆ. ಭಾನುವಾರದ ವಿಶ್ರಾಂತಿಯನ್ನು ಅವರು ಸೋಮಾರಿತನಕ್ಕೂ ದುಂದುವೆಚ್ಚಕ್ಕೂ ಅವಕಾಶವೆಂದು ಎಣಿಸುವುದಿಲ್ಲ. ದೇವರತ್ತ ತಿರುಗುವ ಬಿಡುವೆಂದು ಎಣಿಸುತ್ತಾರೆ. ಇನ್ನೊಂದು ಗಟ್ಟಿ ಮಾತೂ ಅಲ್ಲಿದೆ. ಕೂಲಿಕಾರ ತಾನೇ ಒಪ್ಪಿಕೊಂಡರೂ ಈ ಬಿಡುವನ್ನು ಮಾರಿಕೊಳ್ಳುವ ಅಧಿಕಾರ ಅವನಿಗಿಲ್ಲ. ಏಕೆಂದರೆ ಅದು ಅವನೊಬ್ಬನ ಸೊತ್ತಲ್ಲ, ಅದರಲ್ಲಿ ದೇವರ ಹಕ್ಕೂ ಸೇರಿದೆ. ‘ಅವನೇ ಒಪ್ಪಿ ಬಂದಿದ್ದಾನೆ’ ಎಂಬ ನೆಪವನ್ನು ಒಡೆಯರು ಹೇಳುವುದು ಇವತ್ತಿಗೂ ನಿಂತಿಲ್ಲವಾದ್ದರಿಂದ ಈ ಮಾತನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಈ ಬೋಧನೆಯ ಬೇರು ಹತ್ತು ಕಟ್ಟಳೆಗಳಲ್ಲಿದೆ. ನೀವು ಗಮನಿಸಿರಬಹುದು, ಸಬ್ಬತ್ತಿನ ಕಟ್ಟಳೆ ಎರಡು ಕಡೆ ಎರಡು ಕಾರಣಗಳೊಡನೆ ಬರುತ್ತದೆ. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಸೃಷ್ಟಿಕಾರ್ಯ ಮುಗಿಸಿ ದೇವರು ವಿಶ್ರಮಿಸಿದ್ದೇ ಕಾರಣ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಕಾರಣ ಬೇರೆ. ನೀವು ಈಜಿಪ್ಟಿನಲ್ಲಿ ದಾಸರಾಗಿದ್ದುದನ್ನು ನೆನೆಯಿರಿ, ನಿಮ್ಮಂತೆಯೇ ನಿಮ್ಮ ಆಳುಕಾಳುಗಳಿಗೂ ಬಿಡುವಿರಲಿ ಎಂಬುದು ಅಲ್ಲಿನ ತಾತ್ಪರ್ಯ. ಫರೋಹನ ಇಟ್ಟಿಗೆಯ ಕೆಲಸದಲ್ಲಿ ವಾರವೆಂಬುದೇ ಇರಲಿಲ್ಲ. ದೇವರ ಹಬ್ಬಕ್ಕೆ ಮೂರು ದಿನ ಬಿಡಿ ಎಂದು ಮೋಶೆ ಕೇಳಿದಾಗ ಫರೋಹ ಜನರನ್ನು ಸೋಮಾರಿಗಳೆಂದು ಜರೆದ. ಹುಲ್ಲನ್ನು ನೀವೇ ತನ್ನಿ, ಇಟ್ಟಿಗೆಯ ಲೆಕ್ಕ ಕಡಿಮೆಯಾಗಕೂಡದು ಎಂದ. ಬಿಡುವು ಕೇಳಿದವನನ್ನು ಸೋಮಾರಿ ಎನ್ನುವ ಈ ಹಳೆಯ ಚಾಳಿಯನ್ನು ಗುರುತಿಸಲು ನಾವು ಈಜಿಪ್ಟಿನ ವರೆಗೂ ಹೋಗಬೇಕಾಗಿಲ್ಲ. ದಾಸ್ಯದಿಂದ ಹೊರಬಂದ ಜನಕ್ಕೆ ದೇವರು ಮೊದಲು ಕೊಟ್ಟವುಗಳಲ್ಲಿ ಒಂದು, ನಿಲ್ಲಿಸುವ ಹಕ್ಕು. ಜೀತದ ಹೊಲಗಳಿಂದ ಗಣಿಗೆ ಬಂದವರ ಮಕ್ಕಳಿಗೆ ಧರ್ಮೋಪದೇಶಕಾಂಡದ ಕಾರಣವೇ ಹೆಚ್ಚು ಹತ್ತಿರದ್ದು.

ಆದರೆ ದಿನಗೂಲಿಯವನಿಗೆ ಬಿಡುವಿನ ದಿನವೆಂದರೆ ಕೂಲಿಯಿಲ್ಲದ ದಿನ. ಕೂಲಿ ಇಲ್ಲದ ವಿಶ್ರಾಂತಿ ಉಪವಾಸಕ್ಕೆ ಸಮ. ಗುತ್ತಿಗೆ ಮೇಸ್ತ್ರಿಯ ಕೈಕೆಳಗೆ ದುಡಿದ ಎಷ್ಟೋ ಜನಕ್ಕೆ ಇದು ಗೊತ್ತಿತ್ತು. ಶ್ರೀಗ್ರಂಥಕ್ಕೂ ಗೊತ್ತಿತ್ತೆಂಬುದು ಮನ್ನದ ವೃತ್ತಾಂತದಲ್ಲಿ ಕಾಣುತ್ತದೆ. ಸೀನಾಯಿ ಬೆಟ್ಟದ ಮೇಲೆ ಕಟ್ಟಳೆ ಬರುವ ಮೊದಲೇ, ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ, ಮರುಭೂಮಿಯಲ್ಲಿ ಮನ್ನ ಸುರಿಯುತ್ತದೆ. ದಿನದಿನಕ್ಕೆ ಬೇಕಾದಷ್ಟು ಮಾತ್ರ ಕೂಡಿಸಬೇಕು, ಉಳಿಸಿಟ್ಟರೆ ಹುಳು ಬೀಳುತ್ತದೆ. ಆರನೆಯ ದಿನ ಮಾತ್ರ ಎರಡು ದಿನದ ಪಾಲು ಸಿಗುತ್ತದೆ, ಅದು ಕೆಡುವುದಿಲ್ಲ. ಏಳನೆಯ ದಿನ ಯಾರೂ ಹೊರಗೆ ಹೋಗಬೇಕಾಗಿಲ್ಲ. ಈಗಿನ ಮಾತಿನಲ್ಲಿ ಹೇಳುವುದಾದರೆ ಇದು ಸಂಬಳಸಹಿತ ರಜೆ. ದೇವರು ಮೊದಲು ಏಳನೆಯ ದಿನದ ರೊಟ್ಟಿಯನ್ನು ಕೊಟ್ಟರು. ಕೈಕಟ್ಟಿ ಕೂರಿ ಎಂದು ಆಜ್ಞಾಪಿಸಿದ್ದು ಅನಂತರ. ಮನೆಗೆಲಸಕ್ಕೆ ಬರುವಾಕೆಗೆ ‘ನಾಳೆ ಬರಬೇಡಮ್ಮ’ ಎಂದು ಹೇಳಿ ತಿಂಗಳ ಕೊನೆಗೆ ಆ ದಿನದ ಸಂಬಳ ಹಿಡಿದುಕೊಳ್ಳುವವರು ನಮ್ಮ ನಡುವೆ ಇದ್ದರೆ, ಈ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದುವುದು ಒಳ್ಳೆಯದು.

ವಾರಕ್ಕೊಂದು ದಿನ ಎಲ್ಲವನ್ನೂ ಸರಿಪಡಿಸಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಚಿನ್ನ ಅಡಗಿದ್ದ ಬೆಣಚುಕಲ್ಲನ್ನು ಕೊರೆಯುವಾಗ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ಕುಳಿತರೆ ಮತ್ತೆ ಹೊರಗೆ ಹೋಗುವುದಿಲ್ಲ. ಸಿಲಿಕೋಸಿಸ್ ಎಂಬ ಆ ರೋಗಕ್ಕಾಗಿ 1940ರ ದಶಕದಲ್ಲಿ ಕೆ.ಜಿ.ಎಫ್.ನ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದರ ಗುರುತು ಕಂಡಿತು. ಭಾನುವಾರ ದೇವಾಲಯದ ಬೆಂಚಿನ ಮೇಲೆ ಕುಳಿತಾಗಲೂ ಅವರ ಎದೆಗೆ ಬಿಡುವಿರಲಿಲ್ಲ. ವಿಶ್ರಾಂತಿಯನ್ನು ಮನಸ್ಸಿನ ಶಾಂತಿಯೆಂದು ಮಾತ್ರ ಬೋಧಿಸುವಾಗ ಈ ಎದೆಗಳನ್ನು ಮರೆಯಬಾರದು.

ಇನ್ನು ಮನೆಯೊಳಗಿನ ಮಾತು. ಗಣಿಯ ಲೈನ್‌ಗಳಲ್ಲಿ ತಟ್ಟಿಯ ಗೋಡೆಯ ಒಂದೊಂದು ಕೋಣೆಯ ಮನೆಗಳು ಸಾಲಾಗಿ ಇದ್ದವು. ಗಂಡನಿಗೊಂದು ಪಾಳಿ, ದೊಡ್ಡ ಮಗನಿಗೊಂದು ಪಾಳಿ ಎಂದಾದಾಗ ಒಬ್ಬ ತಾಯಿಯ ಒಲೆ ಎಷ್ಟು ಹೊತ್ತು ಉರಿಯಬೇಕೆಂದು ನೀವೇ ಲೆಕ್ಕ ಹಾಕಿ. ರಾತ್ರಿಪಾಳಿ ಮುಗಿಸಿ ಬಂದವನು ಹಗಲು ಮಲಗಬೇಕಾದರೆ ಅದೇ ಕೋಣೆಯ ಮಕ್ಕಳನ್ನು ಸದ್ದಿಲ್ಲದಂತೆ ಹೊರಗಿಟ್ಟುಕೊಳ್ಳುವವರು ಯಾರು? ಪುರುಷನ ಎಂಟು ಗಂಟೆಗಳಿಗೆ ಮೇಲಿನಿಂದ ಮಿತಿ ಬಂತು. ಆಕೆಯ ಗಂಟೆಗಳನ್ನು ಎಣಿಸುವ ಕಾಯಿದೆ ಬರಲಿಲ್ಲ. ಧರ್ಮೋಪದೇಶಕಾಂಡದ ಕಟ್ಟಳೆ ಮಗನನ್ನು, ಮಗಳನ್ನು, ದಾಸನನ್ನು, ದಾಸಿಯನ್ನು, ಎತ್ತು-ಕತ್ತೆಗಳನ್ನು, ಊರಿಗೆ ಬಂದ ಪರದೇಶಿಯನ್ನೂ ಒಬ್ಬೊಬ್ಬರಾಗಿ ಹೆಸರಿಸುತ್ತದೆ. ಹೆಂಡತಿಯ ಹೆಸರು ಆ ಪಟ್ಟಿಯಲ್ಲಿ ಇಲ್ಲ! ‘ನೀನು’ ಎಂಬ ಮಾತಿನಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿದ್ದಾರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಒಳ್ಳೆಯ ವಿವರಣೆಯೇ. ಆದರೆ ನಮ್ಮ ಮನೆಗಳಲ್ಲಿ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಯಾರು ಪತ್ರಿಕೆ ಹಿಡಿದು ಕೂರುತ್ತಾರೆ, ಯಾರು ಮಸಾಲೆ ಅರೆಯಲು ಒಳಗೆ ಹೋಗುತ್ತಾರೆ ಎಂಬುದನ್ನು ನೋಡಿದರೆ, ನಾವು ಆ ಪಟ್ಟಿಯನ್ನು ಅಕ್ಷರಶಃ ಪಾಲಿಸುತ್ತಿದ್ದೇವೆಂದು ಕಾಣುತ್ತದೆ. ವಾರದಲ್ಲಿ ಅತ್ಯಂತ ದೊಡ್ಡ ಅಡುಗೆಯ ದಿನವೇ ಕ್ರೈಸ್ತ ಗೃಹಿಣಿಗೆ ವಿಶ್ರಾಂತಿಯ ದಿನವೆಂದು ಹೇಳುವುದು ಹೇಗೆ?

ಗಣಿ 1956ರಲ್ಲಿ ಮೈಸೂರು ರಾಜ್ಯ ಸರ್ಕಾರದ, 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಈ ನಡುವೆ 1965ರಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಬ್ರಿಟನ್‌ಗಳ ಜೊತೆಗಾರರೊಡನೆ ಚಾಂಪಿಯನ್ ರೀಫ್‌ನ ಆಳದಲ್ಲಿ ಉಪಕರಣ ಹೂಡಿ, ಆಕಾಶದಿಂದ ಬರುವ ಕಿರಣಗಳಿಂದ ಹುಟ್ಟುವ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಗಳ ಗುರುತು ಹಿಡಿದರು. ಅಷ್ಟು ಕೆಳಗೆ ಹೋಗಲು ಕಾರಣ, ಮೇಲಿನ ಉಳಿದ ಕಿರಣಗಳ ಗದ್ದಲ ಬಂಡೆಯನ್ನು ದಾಟಿ ಅಲ್ಲಿಗೆ ಮುಟ್ಟದಿರುವುದು. ಮೌನವನ್ನು ಹುಡುಕಿ ಆಳಕ್ಕೆ ಇಳಿಯುವುದು ಧ್ಯಾನಿಗಳಿಗಷ್ಟೇ ಮೀಸಲಲ್ಲವೆಂದು ಅದನ್ನು ಓದಿದಾಗ ಅನಿಸುತ್ತದೆ. ಅದೇ ಮೌನದಲ್ಲಿ ಕೂಲಿಕಾರ ಬಂಡೆ ಬಿರಿಯುವ ಸದ್ದಿಗಾಗಿ ಕಿವಿಗೊಟ್ಟು ದುಡಿಯುತ್ತಿದ್ದ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಷ್ಟದ ಲೆಕ್ಕ, ತಗ್ಗಿದ ಅದಿರು ಇವೆಲ್ಲ ಬಹು ವರ್ಷಗಳಿಂದ ಕೇಳುತ್ತಿದ್ದ ಕಾರಣಗಳು. ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ನೌಕರರು ಮನೆಗೆ ಬಂದರು. ಎಂದೂ ನಿಲ್ಲದ ಪ್ರಧಾನ ಪಂಪುಗಳು ನಿಂತವು. ಮೆಲ್ಲಮೆಲ್ಲಗೆ ಸುರಂಗಗಳನ್ನು ನೀರು ತುಂಬಿಕೊಂಡಿತು. ಮೇಲೆ ಸಯನೈಡ್ ದಿಬ್ಬಗಳೆಂದು ಜನ ಕರೆಯುವ ಬೂದುಬಣ್ಣದ ಗುಡ್ಡಗಳು ಉಳಿದವು, ಗಾಳಿ ಬೀಸಿದಾಗ ಅವುಗಳ ಧೂಳು ಮನೆಯೊಳಗೆ ಬರುತ್ತದೆ. ನೂರಾರು ಮನೆಗಳಲ್ಲಿ ವಾರದ ಏಳು ದಿನವೂ ಭಾನುವಾರವಾಯಿತು. ಆದರೆ ಅದನ್ನು ಯಾರೂ ವಿಶ್ರಾಂತಿ ಎಂದು ಕರೆಯಲಿಲ್ಲ. ಮೊದಲಿಗೆ ಹೇಳಿದ ಪದದ ಅರ್ಥವನ್ನು ಇಲ್ಲಿ ಮತ್ತೆ ನೆನೆಯಿರಿ. ಶ್ರಮವನ್ನೇ ಕಿತ್ತುಕೊಂಡ ಮೇಲೆ ವಿಶ್ರಾಂತಿಗೆ ಅರ್ಥವೇ ಇರುವುದಿಲ್ಲ. ಆರು ದಿನ ದುಡಿಯಬೇಕೆಂಬುದೂ ಅದೇ ಕಟ್ಟಳೆಯ ಭಾಗವೆಂಬುದನ್ನು ನಾವು ಸಾಮಾನ್ಯವಾಗಿ ಓದದೆ ಬಿಡುತ್ತೇವೆ. ದ್ರಾಕ್ಷಾತೋಟದ ಸಾಮತಿಯಲ್ಲಿ ಸಂಜೆಯ ವರೆಗೆ ಸಂತೆಬೀದಿಯಲ್ಲಿ ನಿಂತವರು ಹೇಳಿಕೊಂಡ ದುಃಖವೂ ಅದೇ. ಅವರು ನಿಂತದ್ದು ಯಾರೂ ಕರೆಯದೆ ಇದ್ದುದರಿಂದ.

ಆ ಮನೆಗಳ ಮಕ್ಕಳು ಇಂದು ರೈಲಿನಲ್ಲಿದ್ದಾರೆ. ಮಾರಿಕುಪ್ಪ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿಗೇ ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುವ ಸಾವಿರಾರು ಜನ ಅಂಗಡಿ, ಆಸ್ಪತ್ರೆ, ಸಿದ್ಧ ಉಡುಪಿನ ಕಾರ್ಖಾನೆ, ಕಾವಲು, ಕಚೇರಿ ಎಂದು ಹಂಚಿಹೋಗುತ್ತಾರೆ. ಹೋಗುವುದಕ್ಕೆ ಎರಡು ಗಂಟೆಯ ಮೇಲೆ, ಬರುವುದಕ್ಕೆ ಅಷ್ಟೇ. ರಾತ್ರಿ ಊರು ಸೇರುವ ಹೊತ್ತಿಗೆ ಚಿಕ್ಕ ಮಕ್ಕಳು ನಿದ್ದೆ ಹೋಗಿರುತ್ತಾರೆ. ಕಾಯಿದೆಯ ಎಂಟು ಗಂಟೆಗಳಿಗೆ ಈ ನಾಲ್ಕು ಐದು ಗಂಟೆಗಳು ಸೇರುವುದಿಲ್ಲ. ದೇಹ ಮಾತ್ರ ಸೇರಿಸಿಕೊಳ್ಳುತ್ತದೆ. ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಇರುವವರಿಗೆ ಭಾನುವಾರವೂ ಖಚಿತವಲ್ಲ.

ಇವರಿಗೆ ಧರ್ಮಸಭೆಯ ಚರಿತ್ರೆಯಲ್ಲಿ ಹಳೆಯ ನೆಂಟರಿದ್ದಾರೆ. ರೋಮ್ ಸಾಮ್ರಾಜ್ಯದಲ್ಲಿ ಮೊದಲ ಮೂರು ಶತಮಾನ ಭಾನುವಾರ ಎಲ್ಲರಂತೆ ದುಡಿಯುವ ದಿನವೇ. ಕ್ರಿ.ಶ. 112ರ ಸುಮಾರಿಗೆ ಬಿಥೂನಿಯದ ರಾಜ್ಯಪಾಲ ಪ್ಲಿನಿ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಗೊತ್ತಾದ ಒಂದು ದಿನ ಬೆಳಗಾಗುವ ಮೊದಲೇ ಸೇರುತ್ತಾರೆಂದು ತಿಳಿಸುತ್ತಾನೆ. ಅವರ ಸೇವಕಿಯರೆನಿಸಿಕೊಂಡ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದ್ದನ್ನೂ ಬರೆಯುತ್ತಾನೆ. ಕೆಲಸಕ್ಕೆ ಹೋಗುವ ಮೊದಲಿನ ಕತ್ತಲೆಯೇ ಅವರ ಭಾನುವಾರವಾಗಿತ್ತು. ಕಾನ್‌ಸ್ಟಂಟೈನ್ ಚಕ್ರವರ್ತಿ ಭಾನುವಾರವನ್ನು ಬಿಡುವಿನ ದಿನವೆಂದು ಸಾರಿದ್ದು 321ರಲ್ಲಿ. ಆಗಲೂ ಹೊಲದ ಕೆಲಸದವರನ್ನು ಹೊರಗಿಟ್ಟ. ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1998ರಲ್ಲಿ ಭಾನುವಾರದ ಕುರಿತೇ ‘ದಿಯೆಸ್ ದೋಮಿನಿ’ ಎಂಬ ಪತ್ರ ಬರೆದಾಗ ಈ ದುಡಿಯುವ ಭಾನುವಾರಗಳನ್ನೂ ನೆನೆದರು.

ಸಂತ ಮಾರ್ಕನ ಶುಭಸಂದೇಶದ 6ನೆಯ ಅಧ್ಯಾಯವನ್ನು ಧ್ಯಾನಕೂಟಗಳಲ್ಲಿ ನಾವು ಬಹಳ ಸಲ ಕೇಳಿದ್ದೇವೆ. ದಣಿದು ಬಂದ ಪ್ರೇಷಿತರಿಗೆ ಊಟಕ್ಕೂ ಸಮಯವಿಲ್ಲ. ಯೇಸುಸ್ವಾಮಿ ಅವರನ್ನು ಏಕಾಂತ ಸ್ಥಳಕ್ಕೆ ಕರೆಯುತ್ತಾರೆ. ಮುಂದೇನಾಯಿತೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ದೋಣಿ ದಡ ಮುಟ್ಟುವಷ್ಟರಲ್ಲಿ ಜನ ಕಾಲ್ನಡೆಯಲ್ಲಿ ಓಡಿಬಂದು ಅಲ್ಲಿ ಕಾದಿದ್ದರು. ಅವರಿಗೆ ಸಿಕ್ಕ ವಿಶ್ರಾಂತಿ ದೋಣಿಯ ಪಯಣದಷ್ಟೇ. ಕಿಟಕಿಗೆ ತಲೆಯಾನಿಸಿ ಬಂಗಾರಪೇಟೆಯಿಂದ ಬೆಂಗಳೂರಿನ ವರೆಗೆ ನಿದ್ದೆ ಹೋಗುವವರು, ಜೇಬಿನಲ್ಲಿ ಜಪಸರದ ಮಣಿ ಎಣಿಸುವವರು ಆ ದೋಣಿಯಲ್ಲಿದ್ದವರಿಗೆ ದೂರದವರಲ್ಲ. ಜಾಲಿಗಿಡದಂತಹ ಪೊದೆಯ ಕೆಳಗೆ ಸಾವನ್ನು ಬೇಡಿ ಮಲಗಿದ ಎಲೀಯನಿಗೂ ದೇವದೂತ ಎರಡು ಸಲ ರೊಟ್ಟಿ, ನೀರು ಕೊಟ್ಟು ಎಬ್ಬಿಸಿದ. ನಡುವೆ ಮತ್ತೆ ಮಲಗಲು ಬಿಟ್ಟ. ದೇವರ ಬೆಟ್ಟ, ಮೆಲುದನಿ ಎಲ್ಲ ಆಮೇಲೆ. ಆದ್ದರಿಂದ ಭಾನುವಾರ ಪ್ರಬೋಧನೆಯ ಹೊತ್ತಿಗೆ ಕಣ್ಣು ಎಳೆಯುವ ಯುವಕನನ್ನು ಕಂಡರೆ ನಮ್ಮ ಗುರುಗಳು ಸಿಟ್ಟಾಗಬಾರದೆಂದು ಬೇಡಿಕೊಳ್ಳುತ್ತೇನೆ.

ನಮ್ಮ ಧರ್ಮಕೇಂದ್ರಗಳ ಭಾನುವಾರವನ್ನೂ ಒಮ್ಮೆ ಎಣಿಸಿ ನೋಡಿ. ಬಲಿಪೂಜೆ, ಧರ್ಮೋಪದೇಶ ತರಗತಿ, ಗಾನವೃಂದದ ಅಭ್ಯಾಸ, ಪಾಲನಾ ಸಮಿತಿ, ವಿನ್ಸೆಂಟ್ ಡಿ ಪಾಲ್ ಸಭೆ, ಯುವಜನರ ಕೂಟ, ಹಬ್ಬದ ಚಂದಾ. ವಾರವೆಲ್ಲ ರೈಲಿನಲ್ಲಿ ಕಳೆದವರು ಭಾನುವಾರವನ್ನು ದೇವಾಲಯದ ಆವರಣದಲ್ಲಿ ಕಳೆಯಬೇಕೇ, ಮನೆಯ ಮಕ್ಕಳೊಡನೆ ಕಳೆಯಬೇಕೇ? ಸಭೆಗಳನ್ನು ಬೇರೆ ದಿನಕ್ಕೆ ಹಾಕಿದರೆ ಅವರು ಬರಲಾರರು. ಭಾನುವಾರಕ್ಕೇ ಹಾಕಿದರೆ ಅವರಿಗಿರುವ ಒಂದೇ ಹಗಲನ್ನು ನಾವೇ ತೆಗೆದುಕೊಂಡಂತೆ. ಅವರಿಲ್ಲದೆ ಸಭೆ ನಡೆಸಿದರೆ ನಿವೃತ್ತರೂ ಅನುಕೂಲಸ್ಥರೂ ಮಾತ್ರ ಧರ್ಮಕೇಂದ್ರವನ್ನು ನಡೆಸಿದಂತಾಗುತ್ತದೆ. ಇದನ್ನು ಬಿಡಿಸುವುದು ಸುಲಭವಲ್ಲ. ಅವರ ಪರವಾಗಿ ಇನ್ನೊಬ್ಬರು ತೀರ್ಮಾನಿಸುವ ಬದಲು, ಪೂಜೆಯ ಅನಂತರ ಐದು ನಿಮಿಷ ಬಾಗಿಲಲ್ಲಿ ನಿಂತು, ಅವರನ್ನೇ, ಅವರ ಮನೆಯ ಹೆಣ್ಣುಮಕ್ಕಳನ್ನೂ ಕೇಳಬಹುದು.